ಮಗನನ್ನು ಬಾಲಮಂದಿರಕ್ಕೆ ಸೇರಿಸಿ ಎಂದ ತಾಯಿ

"ಇವನೊಬ್ಬನನ್ನು ಬಾಲಮಂದಿರಕ್ಕೆ ಸೇರಿಸಿಬಿಡಿ ಅಕ್ಕ. ಅಲ್ಲಿ ಮೂರು ಹೊತ್ತು ಊಟವಾದರೂ ಸಿಗುತ್ತದೆ."

2024ರ ನವೆಂಬರ್ ತಿಂಗಳು, ಹತ್ತಿ ಬಿಡಿಸುವ ಕಾಲ. ಆ ತಾಯಿ ಈ ಮಾತು ಹೇಳುವಾಗ ಎಂಟು ವರ್ಷದ ಮಗ ಹೊಸ್ತಿಲ ಮೇಲೆ ನಿಂತಿದ್ದ. ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ. ಒಳಗೆ ಎರಡು ಅಂಗಿ, ಒಂದು ಚಡ್ಡಿ, ಮೂರನೇ ತರಗತಿಯ ಗಣಿತ ಪುಸ್ತಕ. ನಾನು ಬರುತ್ತೇನೆಂದು ತಿಳಿದು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಸಿದ್ಧನಾಗಿದ್ದನಂತೆ. ನನ್ನ ಮುಖವನ್ನು ನೋಡುತ್ತಿರಲಿಲ್ಲ, ನನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ನಾನು ಚಪ್ಪಲಿ ಮೆಟ್ಟಿದ ಕೂಡಲೇ ಹೊರಡಬೇಕೆಂದು ಅವನಿಗೆ ಹೇಳಿದ್ದರು.

ರಾಯಚೂರು ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಕೆಲಸದಲ್ಲಿ ನನಗಿದು ಹನ್ನೆರಡನೆಯ ವರ್ಷ. ಈ ಕುಟುಂಬದ ಹೆಸರು, ಊರು, ತಾಲ್ಲೂಕು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಮಗುವಿನ ಗುರುತು ಬಹಿರಂಗಪಡಿಸಬಾರದೆಂದು ಬಾಲನ್ಯಾಯ ಕಾಯಿದೆಯ 74ನೇ ಸೆಕ್ಷನ್ ಹೇಳುತ್ತದೆ. ಕಾಯಿದೆ ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಪಾಲು ಮುಟ್ಟದ ಕೊನೆಯ ಭಾಗದ ಒಂದು ಹಳ್ಳಿ ಎಂದರೆ ಸಾಕು. ಅಲ್ಲಿನವರು ಬೆಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಈ ಮನೆಯ ಯಜಮಾನನೂ ಹಾಗೆಯೇ ಹೋಗಿ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ತೀರಿಕೊಂಡಿದ್ದ. ಕಾರ್ಮಿಕ ಕಾರ್ಡ್ ಮಾಡಿಸಿರಲಿಲ್ಲ, ಹಾಗಾಗಿ ಕಾರ್ಮಿಕ ಕಲ್ಯಾಣ ಮಂಡಳಿಯ ಪರಿಹಾರವೂ ಇಲ್ಲ. ಉಳಿದವರು ಹೆಂಡತಿ ಮತ್ತು ಮೂವರು ಮಕ್ಕಳು: ಏಳನೇ ತರಗತಿಯ ಹುಡುಗಿ, ಈ ಹುಡುಗ, ಎರಡು ವರ್ಷದ ಕೂಸು.

ಆ ದಿನ ಹುಡುಗನನ್ನು ಕರೆದುಕೊಂಡು ಬಂದಿದ್ದರೆ ಊರಿನವರೆಲ್ಲ ನನ್ನನ್ನು ಹೊಗಳುತ್ತಿದ್ದರು. ನನ್ನ ಮೊದಲ ವರ್ಷದಲ್ಲಿ ನಾನು ಮಾಡಿದ್ದೂ ಅದನ್ನೇ. ಇಬ್ಬರು ಅಣ್ಣತಮ್ಮಂದಿರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಒಂದು ಸಂಸ್ಥೆಗೆ ಸೇರಿಸಿ, ಒಳ್ಳೆಯ ಕೆಲಸ ಮಾಡಿದೆನೆಂದು ಆ ರಾತ್ರಿ ನೆಮ್ಮದಿಯಿಂದ ಮಲಗಿದ್ದೆ. ತಾಯಿ ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದಳು. ಆಮೇಲೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಹೋಗುತ್ತವೆಂದು ಹಬ್ಬಕ್ಕೊಮ್ಮೆ ಬಂದಳು. ಮೂರನೆಯ ವರ್ಷ ಬಂದಾಗ ಚಿಕ್ಕವನು ಅವಳ ಮಡಿಲಿಗೆ ಹೋಗದೆ ವಾರ್ಡನ್ ಸೀರೆ ಹಿಡಿದು ನಿಂತ. ಅವಳು ತಂದಿದ್ದ ಶೇಂಗಾ ಉಂಡೆಯ ಡಬ್ಬಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಆ ಡಬ್ಬಿ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಬಾಲಮಂದಿರಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲೇ ಹಿಂಸೆ ಇರುವ ಮಗುವಿಗೆ, ಯಾರೂ ಇಲ್ಲದ ಮಗುವಿಗೆ ಅದು ಬೇಕೇ ಬೇಕು. ಆದರೆ 2015ರ ಬಾಲನ್ಯಾಯ ಕಾಯಿದೆ ತನ್ನ ಮೂಲತತ್ವಗಳಲ್ಲೇ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಬರೆದಿದೆ. ಕೊನೆಯ ದಾರಿ ಎಂದ ಮೇಲೆ ಮೊದಲ ದಾರಿ, ಎರಡನೆಯ ದಾರಿ ಯಾವುವೆಂದು ಯಾರಾದರೂ ಹುಡುಕಲೇಬೇಕಲ್ಲ? ಬಡತನವೊಂದೇ ಕಾರಣವಾಗಿ ತಾಯಿಯಿಂದ ಮಗುವನ್ನು ದೂರ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಆ ದಿನ ಚಾಪೆಯ ಮೇಲೆ ಕುಳಿತು, "ಅಕ್ಕ, ನಾಳೆ ಮಂಗಳವಾರ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಮ್ಮ ಮಂಗಳವಾರ ಹೇಗಿರುತ್ತದೆ ಹೇಳಿ" ಎಂದು ಕೇಳಿದೆ.

ಮನೆ ಭೇಟಿಯಲ್ಲಿ ನಾನು ಯಾವಾಗಲೂ ಕೇಳುವ ಪ್ರಶ್ನೆ ಇದು. ಕಷ್ಟ ಏನೆಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಒಂದು ದಿನದ ಕಥೆ ಕೇಳಿದರೆ ಗಂಟು ಎಲ್ಲಿದೆ ಎಂದು ತಾನೇ ತಿಳಿಯುತ್ತದೆ. ಅವಳ ಮಂಗಳವಾರದ ಗಂಟು ಸಂಘದ ಕಂತು. ಗಂಡ ಬದುಕಿದ್ದಾಗ ಎರಡು ಕಡೆ ತೆಗೆದ ಸಾಲ, ಎರಡೂ ಸೇರಿ ವಾರಕ್ಕೆ ಒಂಬತ್ತು ನೂರು ರೂಪಾಯಿ. ಸೋಮವಾರ ರಾತ್ರಿ ಊಟ ಇಳಿಯುವುದಿಲ್ಲ ಎಂದಳು. ಕಂತು ಕಟ್ಟಬೇಕಾದರೆ ಒಂದು ದಿನವೂ ಕೂಲಿ ತಪ್ಪಿಸುವಂತಿಲ್ಲ. ಕೂಲಿ ತಪ್ಪಿಸಬಾರದೆಂದರೆ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಅದಕ್ಕಾಗಿ ದೊಡ್ಡ ಹುಡುಗಿ ಎರಡು ತಿಂಗಳಿಂದ ಶಾಲೆ ಬಿಟ್ಟಿದ್ದಳು. ಹುಡುಗನೊಬ್ಬ ಹೋದರೆ ಒಂದು ತಟ್ಟೆ ಕಡಿಮೆಯಾಗುತ್ತದೆ. ಅವಳ ಲೆಕ್ಕ ಅಷ್ಟೇ. ಪ್ರೀತಿ ಕಡಿಮೆಯಾಗಿ ಹೇಳಿದ ಮಾತಲ್ಲ ಅದು.

ಕಾಗದಪತ್ರ ತೋರಿಸಿ ಎಂದೆ. ತಗಡಿನ ಟ್ರಂಕಿನಿಂದ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ತೆಗೆದಳು. ಆಧಾರ್, ಸಾಲದ ಪುಸ್ತಕ, ಮಡಚಿ ಮಡಚಿ ಮಡಿಕೆಯಲ್ಲೇ ಹರಿಯುತ್ತಿದ್ದ ಮರಣ ಪ್ರಮಾಣಪತ್ರ. ಸಾಲದ ಪುಸ್ತಕದ ಮೊದಲ ಪುಟದಲ್ಲಿ ವಿಮೆಗೆಂದು ಹಣ ಮುರಿದುಕೊಂಡಿದ್ದ ನಮೂದೊಂದಿತ್ತು. ವಿಮೆಯಲ್ಲಿ ಗಂಡನ ಹೆಸರೂ ಇತ್ತು. ಅಂದರೆ ಅವನು ತೀರಿಕೊಂಡ ಮೇಲೆ ಆ ಒಂದು ಸಾಲ ಚುಕ್ತಾ ಆಗಬೇಕಿತ್ತು. ಅವಳಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ, ಆರು ತಿಂಗಳಿಂದ ಕಟ್ಟುತ್ತಲೇ ಇದ್ದಳು.

ವಿಮೆಗೆ ಮರಣ ಪ್ರಮಾಣಪತ್ರ ಬೇಕು. ವಿಧವಾ ವೇತನದ 800 ರೂಪಾಯಿಗೂ ಅದೇ. ಮಗು ಮನೆಯಲ್ಲೇ ಇದ್ದು ಓದಲೆಂದು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕೊಡುವ ತಿಂಗಳ ನೆರವಾದ ಪ್ರಾಯೋಜಕತ್ವಕ್ಕೂ ಅದೇ. ಆ ಪತ್ರದಲ್ಲಿ ಗಂಡನ ಹೆಸರು 'ಈ' ಅಕ್ಷರದಿಂದ ಆರಂಭವಾಗಿತ್ತು, ಆಧಾರ್‌ನಲ್ಲಿ 'ವೀ' ಎಂದಿತ್ತು. ಊರಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಈ' ಎಂದು. ಆಸ್ಪತ್ರೆಯಲ್ಲಿ ಜೊತೆಗಿದ್ದ ಗೆಳೆಯ ಹಾಗೆಯೇ ಹೇಳಿದ್ದ, ಹಾಗೆಯೇ ದಾಖಲಾಗಿತ್ತು. ಸಾವು ಸಂಭವಿಸಿದ ಊರಿನಲ್ಲೇ ಅದು ನೋಂದಣಿಯಾಗುವುದರಿಂದ ತಿದ್ದುಪಡಿಗೂ ಬೆಂಗಳೂರಿಗೇ ಹೋಗಬೇಕು. ಒಂದು ಅಕ್ಷರದ ಹಿಂದೆ ಮೂರು ಮಕ್ಕಳ ಬದುಕು ನಿಂತಿತ್ತು.

ಇನ್ನೊಂದು ಗಂಟು ಇತ್ತು. ಅದನ್ನು ಅವಳು ಹೇಳಲಿಲ್ಲ, ಪಕ್ಕದ ಓಣಿಯ ಅಂಗನವಾಡಿ ಕಾರ್ಯಕರ್ತೆ ಹೇಳಿದರು. ಪಡಿತರ ಚೀಟಿ ಅತ್ತೆಯ ಬಳಿ ಇದೆ. ಯಜಮಾನಿ ಅತ್ತೆಯೇ, ಆದ್ದರಿಂದ ಗೃಹಲಕ್ಷ್ಮಿಯ ಎರಡು ಸಾವಿರವೂ ಅವರಿಗೇ ಬರುತ್ತದೆ. ಅತ್ತೆ ಇರುವುದು ನಾಲ್ಕು ಮನೆ ಆಚೆ. ಮಗ ಸತ್ತ ದಿನದಿಂದ ಸೊಸೆಯ ಜೊತೆ ಮಾತಿಲ್ಲ. ಇವಳೇ ಹಟ ಮಾಡಿ ಅವನನ್ನು ಗುಳೆ ಕಳಿಸಿದಳು ಎಂಬ ಸಿಟ್ಟು.

ಚೀಟಿ ಬೇರೆ ಮಾಡಿಸಿಕೊಡುವುದು ಸುಲಭದ ದಾರಿಯಾಗಿ ಕಾಣುತ್ತಿತ್ತು. ಆದರೆ ಆ ಮಕ್ಕಳಿಗೆ ನಾಲ್ಕು ಮನೆ ಆಚೆಯೇ ಒಬ್ಬ ಅಜ್ಜಿ ಇದ್ದಾರೆ, ಅದನ್ನು ಕಾಗದದಲ್ಲಿ ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಅಜ್ಜಿಯ ಮನೆಗೆ ಹೋದೆ. ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು ಕಲ್ಲು ಆರಿಸತೊಡಗಿದೆ. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ, "ಹುಡುಗನನ್ನು ಒಯ್ಯುತ್ತೀಯಂತೆ?" ಎಂದರು. "ಅವನ ಅಪ್ಪನ ಹೆಸರು ಬೆಂಗಳೂರಿನ ಕಾಗದದಲ್ಲಿ ತಪ್ಪಾಗಿದೆ ಅಜ್ಜಿ, ಅದು ಸರಿಯಾದರೆ ಒಯ್ಯುವ ಪ್ರಸಂಗವೇ ಬರುವುದಿಲ್ಲ" ಎಂದೆ. ಮೊರ ಕೆಳಗಿಟ್ಟರು. "ತಪ್ಪು ಅಂದರೆ? ಹೆಸರು ಇಟ್ಟವಳು ನಾನು. ನಾನೇ ಬಂದು ಹೇಳುತ್ತೇನೆ."

ಹೀಗೆ ನಾವು ಮೂವರು ಹೆಂಗಸರು ಡಿಸೆಂಬರ್‌ನ ಒಂದು ರಾತ್ರಿ ಬೆಂಗಳೂರು ಬಸ್ ಹತ್ತಿದೆವು. ಶಕ್ತಿ ಯೋಜನೆಯಿಂದ ಟಿಕೆಟ್ ಉಚಿತ. ಅದಿಲ್ಲದಿದ್ದರೆ ಅತ್ತೆ ಸೊಸೆ ಇಬ್ಬರೂ ಹೊರಡುವುದು ಆಗದ ಮಾತಾಗಿತ್ತು. ಅಜ್ಜಿ ಕಿಟಕಿಯ ಪಕ್ಕ, ಸೊಸೆ ಈ ತುದಿ, ನಡುವೆ ನಾನು. ನಡುರಾತ್ರಿ ಢಾಬಾ ಬಳಿ ಬಸ್ ನಿಂತಾಗ ಅಜ್ಜಿ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಒಂದು ರೊಟ್ಟಿ ಮುರಿದು ನನಗೆ ಕೊಟ್ಟರು, ಇನ್ನೊಂದನ್ನು ನನ್ನ ಕೈಗೇ ಇಟ್ಟು, "ಆಕೆಗೆ ಕೊಡು" ಎಂದರು. ಕೊಟ್ಟೆ. ಸೊಸೆ ರೊಟ್ಟಿ ಹಿಡಿದುಕೊಂಡು ಬಹಳ ಹೊತ್ತು ತಿನ್ನದೆ ಕುಳಿತಿದ್ದಳು. ನನಗೆ ನಿದ್ದೆ ಹತ್ತಿತು. ಬೆಳಗಿನ ಜಾವ ಎಚ್ಚರವಾದಾಗ ಇಬ್ಬರೂ ನನ್ನ ತೊಡೆಯ ಮೇಲಿಂದ ಬಾಗಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಅವನು ಕೊನೆಯ ಸಲ ಫೋನ್ ಮಾಡಿದಾಗ ಏನೆಂದ ಎಂದು ಅಜ್ಜಿ ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

ಕಚೇರಿಯ ಕಥೆ ಉದ್ದ ಮಾಡುವುದಿಲ್ಲ. ಮೊದಲ ದಿನ ಅರ್ಜಿ ಹಿಂದಕ್ಕೆ ಬಂತು, ಅಫಿಡವಿಟ್ ಬೇಕೆಂದರು. ಮಾಡಿಸಿಕೊಟ್ಟು ಬಂದೆವು. ತಿದ್ದಿದ ಪತ್ರ ಜನವರಿಯ ಕೊನೆಗೆ ಕೈಗೆ ಸಿಕ್ಕಿತು. ವಿಮೆಯ ಸಾಲ ಚುಕ್ತಾ ಆಯಿತು. ಇನ್ನೊಂದು ಸಾಲ ಉಳಿಯಿತು, ಆದರೆ ವಸೂಲಿಯವರು ಮನೆ ಮುಂದೆ ಕೂರುವುದು ನಿಂತಿತು. ಸಾಲ ವಸೂಲಿಗೆ ಕಿರುಕುಳ ಕೊಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತ್ತು. ಆ ಸುದ್ದಿಯ ಪತ್ರಿಕೆಯ ತುಣುಕನ್ನು ಅವಳು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.

ಕೂಸಿನ ವಿಷಯ. ಅಂಗನವಾಡಿಯಲ್ಲಿ ದಿನವಿಡೀ ಕೂರಿಸುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಇದಕ್ಕೆ ಎರಡೇ ವರ್ಷ. ಪುಣ್ಯಕ್ಕೆ ಆ ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇತ್ತು. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಚಿಕ್ಕ ಮಕ್ಕಳಿಗೆಂದು 2023ರಿಂದ ತೆರೆಯುತ್ತಿರುವ ಶಿಶುಪಾಲನಾ ಕೇಂದ್ರ ಅದು. ನೋಡಿಕೊಳ್ಳುವವರು ಅದೇ ಊರಿನ ಹೆಂಗಸರು. ನಾಲ್ಕು ದಿನ ಕೂಸು ಅತ್ತಿತು, ಐದನೆಯ ದಿನ ಅಲ್ಲಿನ ತೊಟ್ಟಿಲಲ್ಲಿ ಮಲಗಿತು. ಆರನೆಯ ದಿನ ದೊಡ್ಡ ಹುಡುಗಿ ಶಾಲೆಗೆ ಹೋದಳು. ಯಾರ ಶಾಲೆಯ ಪ್ರಶ್ನೆಯನ್ನು ಬಿಡಿಸಿದ್ದು ಯಾರ ತೊಟ್ಟಿಲು ನೋಡಿ! ಶಾಲೆ ಬಿಟ್ಟ ಹುಡುಗಿಯರ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಪ್ರತಿ ಅಧಿಕಾರಿಯೂ ಆ ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದೆಯೇ ಎಂದು ಮೊದಲು ನೋಡಬೇಕೆಂದು ನನಗನ್ನಿಸುತ್ತದೆ.

ಪ್ರಾಯೋಜಕತ್ವದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತಿಳಿದವರು ಕಡಿಮೆ. ಗಂಡನಿಲ್ಲದ ಅಥವಾ ಗಂಡ ಬಿಟ್ಟುಹೋದ ತಾಯಿಯ ಮಕ್ಕಳಿಗೆ, ಅಪ್ಪ ಅಮ್ಮ ಇಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳಿಗೆ, ತಂದೆತಾಯಿ ಮಾರಕ ಕಾಯಿಲೆಯಲ್ಲಿರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. 2022ಕ್ಕಿಂತ ಮೊದಲು ಇದು 2,000 ಇತ್ತು. ಹಳ್ಳಿಯ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು, ಪಟ್ಟಣದಲ್ಲಿ 96,000. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಮನೆಗೆ ಬಂದು ನೋಡಿ ಸಾಮಾಜಿಕ ತನಿಖಾ ವರದಿ ಬರೆಯುತ್ತಾರೆ, ಸಮಿತಿ ಮಂಜೂರು ಮಾಡುತ್ತದೆ. ಮಗು ಮನೆಯಲ್ಲೇ ಇದ್ದು ಓದಬೇಕೆಂಬುದೇ ಈ ಹಣದ ಉದ್ದೇಶ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಲ್ಲಿ, ನಿಮ್ಮ ಓಣಿಯಲ್ಲಿ ಅಂತಹ ತಾಯಿ ಇದ್ದರೆ ದಯವಿಟ್ಟು ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ನಮ್ಮ ಕುಟುಂಬದ ದೊಡ್ಡ ಮಕ್ಕಳಿಬ್ಬರಿಗೂ ಮಂಜೂರಾಯಿತು. ಆದರೆ ಮೊದಲ ಹಣ ಖಾತೆಗೆ ಬಿದ್ದಾಗ ಅರ್ಜಿ ಕೊಟ್ಟು ಐದು ತಿಂಗಳಾಗಿತ್ತು. ಈ ವಿಳಂಬದ ಬಗ್ಗೆ ನನಗೆ ನಿಜವಾಗಿಯೂ ಕೋಪವಿದೆ. ಮನೆ ಮುರಿಯದಂತೆ ತಡೆಯಲೆಂದೇ ಇರುವ ಹಣ ಇದು. ಮನೆ ಐದು ತಿಂಗಳು ಕಾಯುತ್ತದೆಯೇ? ಆ ತಿಂಗಳುಗಳನ್ನು ದಾಟಿಸಿದ್ದು ಅಜ್ಜಿ. ಪ್ರತಿ ತಿಂಗಳು ಗೃಹಲಕ್ಷ್ಮಿ ಹಣ ಬಂದಾಗ ಸಾವಿರ ರೂಪಾಯಿ ಸೊಸೆಯ ಕೈಗೆ. ಪಡಿತರದ ಅಕ್ಕಿಯಲ್ಲಿ ಮಕ್ಕಳ ಪಾಲು ಮಕ್ಕಳಿಗೆ. ಅಜ್ಜಿ ಇಲ್ಲದ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. ಅಂತಹ ಒಂದು ಮನೆಯ ಹುಡುಗಿಯ ಮದುವೆಯನ್ನು ನಿಲ್ಲಿಸಲು ಹಿಂದಿನ ರಾತ್ರಿ ಹೋಗಬೇಕಾಯಿತು. ಆರು ತಿಂಗಳ ಮುಂಚೆ ನೆರವು ಮುಟ್ಟಿದ್ದರೆ ಅಲ್ಲಿ ಚಪ್ಪರವೇ ಏಳುತ್ತಿರಲಿಲ್ಲ.

ಮಂಜೂರಾದ ಮೇಲೂ ಭೇಟಿ ನಿಲ್ಲಿಸಿಲ್ಲ. ಮೊನ್ನೆ ಹೋದಾಗ ಸಂಜೆಯಾಗಿತ್ತು. ಅಜ್ಜಿ ಈಗ ಬಹುಪಾಲು ಇಲ್ಲೇ ಇರುತ್ತಾರೆ. ಹುಡುಗ ರಾತ್ರಿ ತನಕ ಮೊಬೈಲ್ ನೋಡುತ್ತಾನೆ, ಇವಳು ಒಂದು ಮಾತೂ ಬಯ್ಯುವುದಿಲ್ಲ ಎಂದು ಅಜ್ಜಿ ನನ್ನ ಬಳಿ ದೂರಿದರು. ಅವನಿಗೆ ಮೊಬೈಲ್ ಕೊಡುವವರೇ ಇವರು ಎಂದು ಸೊಸೆ ಒಲೆಯ ಮುಂದಿನಿಂದ ಹೇಳಿದಳು. ಹುಡುಗ ನನ್ನ ಪಕ್ಕ ಬಂದು ಕುಳಿತು ನಾಲ್ಕನೇ ತರಗತಿಯ ಭಾಗಾಕಾರದ ಲೆಕ್ಕ ತೋರಿಸಿದ. ಎರಡು ತಪ್ಪಿದ್ದವು, ಇಬ್ಬರೂ ಸೇರಿ ತಿದ್ದಿದೆವು. ಗೊಬ್ಬರದ ಚೀಲದ ಆ ಕೈಚೀಲ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಒಳಗೆ ಬೆಳ್ಳುಳ್ಳಿ ಹಾಕಿಟ್ಟಿದ್ದರು.

ಭೇಟಿ ಪುಸ್ತಕದಲ್ಲಿ ದಿನಾಂಕ ಹಾಕಿ, ಎಲ್ಲರೂ ಮನೆಯಲ್ಲಿದ್ದರು ಎಂದು ಬರೆದೆ. ದೊಡ್ಡ ಹುಡುಗಿಯ ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಾಗಿದೆ. ಸೋಮವಾರ ಅವಳ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ನೋಡಬೇಕು.