ಡಚೆಸ್ ಜೇನ್ ಮತ್ತು ಅವಳ ಬೀಗರು

ಇವತ್ತು ಬೆಳಗ್ಗೆಯಿಂದ ತಲೆಯಲ್ಲಿ ಒಬ್ಬಳೇ ಹೆಂಗಸು ಕೂತಿದ್ದಾಳೆ. ಸ್ಕಾಟ್ಲೆಂಡಿನ ಜೇನ್ ಮ್ಯಾಕ್ಸ್‌ವೆಲ್. ಚಿಕ್ಕವಳಿದ್ದಾಗ ಎಡಿನ್‌ಬರೋ ಬೀದಿಯಲ್ಲಿ ಹಂದಿ ಸವಾರಿ ಮಾಡುತ್ತಿದ್ದಳಂತೆ! ಗಾಡಿಗೆ ಸಿಕ್ಕಿ ಒಂದು ಬೆರಳನ್ನೂ ಕಳೆದುಕೊಂಡಳು. 1767ರಲ್ಲಿ ಗೋರ್ಡನ್‌ನ ನಾಲ್ಕನೇ ಡ್ಯೂಕನನ್ನು, ಅಂದರೆ ಅತಿ ಮೇಲಿನ ದರ್ಜೆಯ ಕುಲೀನನೊಬ್ಬನನ್ನು, ಮದುವೆಯಾಗಿ ಡಚೆಸ್ ಆದಳು.

ಮದುವೆ ಸುಖದ್ದಲ್ಲ. ಗಂಡನಿಗೆ ಬೇರೆ ಸಂಸಾರ. ಇವಳು ಮಾತ್ರ ಸುಮ್ನೆ ಕೂರುವ ಪೈಕಿ ಅಲ್ಲ. 1794ರಲ್ಲಿ ಗೋರ್ಡನ್ ಹೈಲ್ಯಾಂಡರ್ಸ್ ಪಡೆಗೆ ಜನ ಸೇರಿಸಲು ತಾನೇ ಹೊರಟಳು. ತುಟಿ ನಡುವೆ ನಾಣ್ಯ ಹಿಡಿದು, ಸೇರುವವನಿಗೆ ಮುತ್ತಿನ ಜೊತೆ ಕೊಡುತ್ತಿದ್ದಳು ಅಂತ ಕಥೆ. ಎಷ್ಟು ನಿಜವೋ, ಕೇಳಲು ಮಜವಾಗಿದೆ.

ಐದು ಹೆಣ್ಣುಮಕ್ಕಳು. ಮೂವರು ಡ್ಯೂಕರ ಮನೆ ಸೇರಿದರು: ರಿಚ್ಮಂಡ್, ಮ್ಯಾಂಚೆಸ್ಟರ್, ಬೆಡ್‌ಫರ್ಡ್. ದೊಡ್ಡವಳು ಶಾರ್ಲೆಟ್ 1815ರಲ್ಲಿ ಬ್ರಸೆಲ್ಸ್‌ನಲ್ಲಿ ಕೊಟ್ಟ ನೃತ್ಯಕೂಟದ ಮೂರನೇ ದಿನಕ್ಕೇ ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧ.

ನಾನು ಬೆಚ್ಚಿದ್ದು ನಾಲ್ಕನೆಯವಳು ಲೂಯಿಸಾಳ ವಿಷಯಕ್ಕೆ. 1797ರಲ್ಲಿ ಅವಳ ಮಾವನಾದವನು ಯಾರು ಗೊತ್ತಾ? ಕಾರ್ನ್‌ವಾಲಿಸ್! 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಗೋರ್ಡನ್ ಮನೆತನದಲ್ಲಿ ಹುಚ್ಚಿದೆ ಅಂತ ಅವನು ಹಿಂದೇಟು ಹಾಕಿದಾಗ, ಲೂಯಿಸಾಳಲ್ಲಿ ಗೋರ್ಡನ್ ರಕ್ತ ಒಂದು ಹನಿಯೂ ಇಲ್ಲ ಅಂದಳಂತೆ ಡಚೆಸ್. ಮಗಳ ಮದುವೆಗೆ ತಾಯಿ ಹೇಳುವ ಮಾತಾ ಇದು!

1812ರಲ್ಲಿ ಲಂಡನ್ನಿನ ಹೋಟೆಲಿನಲ್ಲಿ ತೀರಿಕೊಂಡಳು. ಮಣ್ಣಾಗಿದ್ದು ಸ್ಕಾಟ್ಲೆಂಡಿನ ಸ್ಪೇ ನದಿಯ ಪಕ್ಕ, ಅವಳಿಗೆ ಇಷ್ಟವಾದ ಕಿನ್ರಾರಾದಲ್ಲಿ.