ಮಾಮನ ಗುಳಿಗೆ ಬಾಟಲಿ

ಸಂಜೆ ಮಣಿಪಾಲದಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಒಮ್ಮೊಮ್ಮೆ ಸೆರಗು ಮೂಗಿಗೆ ಹಿಡಿಯುವುದುಂಟು. ತಪ್ಪು ಅವರದ್ದಲ್ಲ. ಲ್ಯಾಬಿನಲ್ಲಿ ನಾನು ಬಳಸುವ ಬೀಟಾ ಮರ್ಕ್ಯಾಪ್ಟೋಎಥನಾಲ್‌ಗೆ ಥೇಟ್ ಕೊಳೆತ ಮೊಟ್ಟೆಯ ವಾಸನೆ. ಎಷ್ಟು ಸೋಪು ಹಾಕಿದರೂ ಕೈಯಿಂದ ಹೋಗುವುದಿಲ್ಲ. ಪ್ರೋಟೀನಿನೊಳಗೆ ಎರಡು ಗಂಧಕದ ಪರಮಾಣುಗಳು ಹಾಕಿಕೊಂಡ ಗಂಟನ್ನು ಬಿಚ್ಚುವುದು ಅದರ ಕೆಲಸ.

ಕಳೆದ ಭಾನುವಾರ ಕಟಪಾಡಿಗೆ ಹೋಗಿದ್ದೆ. ಮಾಮಿ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಒಂದು ಬಾಟಲಿ. ದುಬಾಯಿಯಿಂದ ಭಾವ ಕಳಿಸಿದ್ದ ಆಂಟಿಆಕ್ಸಿಡೆಂಟ್ ಗುಳಿಗೆ, ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿದೆ. ಮಾಮ ಹೋಗಿ ವರ್ಷವಾಯಿತು, ಬಾಟಲಿ ಇನ್ನೂ ಕಪಾಟಿನಲ್ಲೇ ಇತ್ತಂತೆ.

"ದಿನಾ ಕೊಡ್ಲಿಲ್ಲ ಮಾರಾಯ್ತಿ. ವಾಂತಿ ಬರ್ತದೆ ಅಂದ ದಿನ ಬಿಟ್ಟೆ. ಸರಿ ಕೊಟ್ಟಿದ್ರೆ ಇನ್ನೂ ಸ್ವಲ್ಪ ದಿನ ಇರ್ತಿದ್ರಾ?"

ಇಡೀ ವರ್ಷ ಇದನ್ನು ಒಬ್ಬರೇ ಹೊತ್ತುಕೊಂಡಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮಾಮನದ್ದು ಮೇದೋಜೀರಕದ ಕ್ಯಾನ್ಸರ್. ಮೊದಲು ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂತು, ಆಮೇಲೆ ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ. ನೋವೇ ಇಲ್ಲ. ಊರಲ್ಲಿ ಕಾಮಾಲೆ ಎಂದರೆ ನೆಲನೆಲ್ಲಿ. ಮೂರು ವಾರ ಕುಡಿದರು. ಸ್ಕ್ಯಾನ್ ಆಗುವಷ್ಟರಲ್ಲಿ ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿತ್ತು, ಆಪರೇಷನ್ ಆಗುವ ಹಾಗಿರಲಿಲ್ಲ. ಜೀವಮಾನವಿಡೀ ಬೀಡಿ ಎಳೆದವರು. ಹೊಗೆ ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು.

ಬಾಟಲಿಯ ಮೇಲೆ 'ಜೀವಕೋಶಗಳ ತುಕ್ಕು ತಡೆಯುತ್ತದೆ' ಎಂಬರ್ಥದ ಇಂಗ್ಲಿಷ್ ಸಾಲಿತ್ತು. ನನಗೆ ಸಿಟ್ಟು ಬರುವುದೇ ಆ ತುಕ್ಕಿನ ಮಾತಿಗೆ. ಪೂರ್ತಿ ಸುಳ್ಳಂತೂ ಅಲ್ಲ. ಆಮ್ಲಜನಕದ ಹೊಡೆತಕ್ಕೆ ಸಿಕ್ಕಿ ಕಾರ್ಬೊನಿಲ್ ಎಂಬ ಪರಮಾಣುಗಳ ಗುಂಪು ಕೂಡಿಕೊಂಡ ಪ್ರೋಟೀನು ಮಳೆಗಾಲದಲ್ಲಿ ಹೊರಗೆ ಬಿಟ್ಟ ಮೆಟ್ಟುಕತ್ತಿಯ ಹಾಗೆ, ಕೆಟ್ಟಿತೆಂದರೆ ಕೆಟ್ಟಿತು. ಆದರೆ ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ; ಅದರಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಮಣಿಯ ಸಂಗತಿ ಬೇರೆ. ಅದು ಗಂಟು ಹಾಕಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಪಿ-ಟೆನ್ ಎಂಬ ಪ್ರೋಟೀನು ಕೋಶದ ಬೆಳವಣಿಗೆಗೆ ಬ್ರೇಕು. ಹೈಡ್ರೋಜನ್ ಪೆರಾಕ್ಸೈಡ್ ತಾಗಿದರೆ ಅದರ 124ನೇ ಜಾಗದ ಸಿಸ್ಟೀನು 71ನೆಯದರ ಜೊತೆ ಗಂಟು ಬೀಳುತ್ತದೆ, ಬ್ರೇಕು ಹಿಡಿಯುವುದಿಲ್ಲ. ಗಂಟು ಬಿಚ್ಚಿದರೆ ಮತ್ತೆ ಹಿಡಿಯುತ್ತದೆ.

ಮಾಮಿಯ ಬಾಳೆನಾರಿನಲ್ಲೇ ಗಂಟು ಹಾಕಿ ತೋರಿಸಿದೆ. "ಹಾಗಾದ್ರೆ ಗುಳಿಗೆ ಗಂಟು ಬಿಚ್ಚುದಲ್ವಾ? ಒಳ್ಳೇದೇ ಆಯ್ತಲ್ಲ?" ಎಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನನ್ನ ವೈವಾದಲ್ಲಿ ಯಾರೂ ಇಷ್ಟು ನೇರ ಪ್ರಶ್ನೆ ಕೇಳಿರಲಿಲ್ಲ.

ತೊಡಕಿರುವುದು ಅಲ್ಲೇ. ಮೇದೋಜೀರಕದ ಈ ಕ್ಯಾನ್ಸರಿನಲ್ಲಿ ಶೇ. 90ಕ್ಕೂ ಹೆಚ್ಚು ಗಡ್ಡೆಗಳಲ್ಲಿ ಕೆ-ರಾಸ್ ಎಂಬ ಜೀನ್ ಕೆಟ್ಟಿರುತ್ತದೆ. ಆ ಕೆಟ್ಟ ಕೆ-ರಾಸ್, ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಿಸಿ ಕೋಶದೊಳಗಿನ ಆಕ್ಸಿಡೆಂಟುಗಳನ್ನು, ಅಂದರೆ ಪೆರಾಕ್ಸೈಡಿನಂಥ ಹೊಡೆತ ಕೊಡುವ ವಸ್ತುಗಳನ್ನು, ಗುಡಿಸಿ ಹಾಕಿಸುತ್ತದೆ ಎಂದು 2011ರಲ್ಲಿ ಇಲಿಗಳಲ್ಲಿ ಕಂಡುಕೊಂಡರು. ಅಂದರೆ ಭಾವ ದುಬಾಯಿಯಿಂದ ಕಳಿಸುವ ಮೊದಲೇ ಗಡ್ಡೆ ತನ್ನದೇ ಆಂಟಿಆಕ್ಸಿಡೆಂಟ್ ಅಂಗಡಿ ತೆರೆದು ಕುಳಿತಿರುತ್ತದೆ. 2016ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನವರು ಎನ್‌ಆರ್‌ಎಫ್2 ತೆಗೆದು ನೋಡಿದರು. ಹೊಸ ಪ್ರೋಟೀನು ಕಟ್ಟುವ ಯಂತ್ರದ ಸಿಸ್ಟೀನುಗಳೇ ಆಕ್ಸಿಡೈಸ್ ಆಗಿ, ಅಂದರೆ ಆ ಹೊಡೆತಕ್ಕೆ ಸಿಕ್ಕಿ, ಕ್ಯಾನ್ಸರ್ ಕೋಶದ ಉತ್ಪಾದನೆ ಕುಗ್ಗಿತು. ಇಲ್ಲಿ ಆಕ್ಸಿಡೇಷನ್ ನಮ್ಮ ಪಕ್ಷ.

ಹಾಗೆಂದು ನಂಬಿದರೆ 2022ರ ಇನ್ನೊಂದು ಕೆಲಸ ಅಡ್ಡ ಬರುತ್ತದೆ. ಪಿಕೆಎಂ2 ಎಂಬ ಕಿಣ್ವದ 239ನೇ ಜಾಗದಲ್ಲಿ ಮೆಥಿಯೋನಿನ್ ಎಂಬ ಇನ್ನೊಂದು ಮಣಿ ಇದೆ, ಅದೂ ಗಂಧಕದ್ದೇ. ಆ ಮೆಥಿಯೋನಿನ್ ಆಕ್ಸಿಡೈಸ್ ಆದರೆ ಕಿಣ್ವ ಚುರುಕಾಗಿ, ಮೇದೋಜೀರಕದ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಲು ಸಹಾಯವಾಗುತ್ತದೆ. ಅದನ್ನು ಸರಿಪಡಿಸುವ ಕಿಣ್ವ ಹರಡಿದ ಗಡ್ಡೆಗಳಲ್ಲಿ ಕಡಿಮೆ. ಒಂದೇ ರೋಗ, ಒಂದೇ ಆಮ್ಲಜನಕ; ಒಂದು ಪ್ರೋಟೀನಿಗೆ ತಾಗಿದರೆ ಗಡ್ಡೆಗೆ ಹೊಡೆತ, ಇನ್ನೊಂದಕ್ಕೆ ತಾಗಿದರೆ ಅದಕ್ಕೇ ಲಾಭ. ಲ್ಯಾಬಿನಲ್ಲಿ ನಾನು ಹುಡುಕುವುದೂ ಇಷ್ಟೇ: ಯಾವ ಪ್ರೋಟೀನು, ಎಷ್ಟನೇ ಜಾಗ. ನುಂಗಿದ ಗುಳಿಗೆ ಜಾಗ ನೋಡಿ ಕೆಲಸ ಮಾಡುವುದಿಲ್ಲ.

ಫಿನ್‌ಲ್ಯಾಂಡಿನಲ್ಲಿ ಹೊಗೆ ಸೇದುವ 29,133 ಗಂಡಸರನ್ನು ಗುಂಪು ಮಾಡಿ, ಶ್ವಾಸಕೋಶದ ಕ್ಯಾನ್ಸರ್ ತಡೆಯಲೆಂದು ಕೆಲವು ಗುಂಪುಗಳಿಗೆ ವಿಟಮಿನ್ ಇ, ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟುಗಳನ್ನು ಕೊಟ್ಟು ನೋಡಿದ್ದರು. 1994ರಲ್ಲಿ ಲೆಕ್ಕ ಹಾಕಿದಾಗ ಬೀಟಾ ಕ್ಯಾರೋಟಿನ್ ತಿಂದವರಲ್ಲೇ ಆ ಕ್ಯಾನ್ಸರ್ ಶೇ. 18 ಹೆಚ್ಚಿತ್ತು. ಇದನ್ನು ಮಾಮಿಗೆ ಹೇಳಲಿಲ್ಲ. ಹೇಳಿದ್ದರೆ ಕೊಡದ ದಿನಗಳ ಬದಲು ಕೊಟ್ಟ ದಿನಗಳನ್ನು ಎಣಿಸಲು ಕೂರುತ್ತಿದ್ದರು.

"ಇದನ್ನು ದಿನಾ ಕೊಟ್ಟಿದ್ದರೂ ಮಾಮ ಉಳಿಯುತ್ತಿರಲಿಲ್ಲ ಮಾಮಿ," ಎಂದೆ. ಅವರು ಸುಮ್ಮನೆ ಇನ್ನೊಂದಿಷ್ಟು ಮೊಗ್ಗು ಜೋಡಿಸಿ ಗಂಟು ಬಿಗಿದರು. ಬಾಟಲಿ ಎತ್ತಿ ಅಲ್ಲಾಡಿಸಿ ನೋಡಿದರು.

"ಮಲ್ಲಿಗೆ ಬುಡಕ್ಕೆ ಹಾಕಿದ್ರೆ ಆದೀತಾ?"

ಬೇಡ ಎಂದೆ. ಬಾಟಲಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಬಂದೆ.