ಹಾರ್ಡ್ನರ್ ಒಣಗಿಸುವ ಮದ್ದಲ್ಲ
ಚಿಂತಾಮಣಿ, ಗೌರಿಬಿದನೂರು ಕಡೆ ಟ್ರ್ಯಾಕ್ಟರ್, ರೋಟವೇಟರ್‌ಗೆ ಬಣ್ಣ ಹೊಡೆಯುವ ಶೆಡ್‌ಗಳಲ್ಲಿ "ಬೇಗ ಒಣಗಬೇಕು, ಇನ್ನೊಂಚೂರು ಹಾರ್ಡ್ನರ್ ಸುರಿ" ಅನ್ನುವುದುಂಟು. ಕೆಲಸ ಕೆಡುವುದು ಅಲ್ಲಿಂದಲೇ. ಪಿಯು (ಪಾಲಿಯುರೆಥೇನ್) ಪೇಂಟಿನ ರಾಳವೂ, ಅದಕ್ಕೆ ಕಲಸುವ ಹಾರ್ಡ್ನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕವೂ ಒಂದಕ್ಕೊಂದು ಹೆಣೆದುಕೊಂಡರೆ ಬಣ್ಣ ಗಟ್ಟಿ. ಹಾರ್ಡ್ನರ್ ಕಡಿಮೆಯಾದರೆ ವಾರ ಕಳೆದರೂ ಉಗುರಿನ ಗುರುತು ಬೀಳುತ್ತದೆ, ಡೀಸೆಲ್ ತಾಗಿದ ಕಡೆ ಬಣ್ಣ ಮೆತ್ತಗಾಗುತ್ತದೆ. ಹೆಚ್ಚಾದರೆ ಪದರ ಪೆಡಸಾಗಿ, ಎಂಜಿನ್ ನಡುಕಕ್ಕೆ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ. ಬೇಗ ಒಣಗಬೇಕಿದ್ದರೆ ಅದೇ ಕಂಪನಿಯ ಫಾಸ್ಟ್ ಥಿನ್ನರ್ (ಬಣ್ಣ ತೆಳುಮಾಡುವ, ಬೇಗ ಆರುವ ದ್ರವ) ತನ್ನಿ.

ಅಳತೆ ಡಬ್ಬಿಯ ಮೇಲೇ ಇರುತ್ತದೆ. 4:1 ಅಂತಿದ್ದರೆ ನೆಟ್ಟಗಿನ ಗೋಡೆಯ ಖಾಲಿ ಡಬ್ಬಿಯಲ್ಲಿ ಸ್ಟೀಲ್ ಸ್ಕೇಲ್ ನಿಲ್ಲಿಸಿ: 8 ಸೆಂ.ಮೀ.ವರೆಗೆ ಪೇಂಟ್, 10ರವರೆಗೆ ಹಾರ್ಡ್ನರ್, 11ರವರೆಗೆ ಥಿನ್ನರ್. ಇದು ಪರಿಮಾಣದ ಲೆಕ್ಕ, ತಕ್ಕಡಿಯಲ್ಲಿ ತೂಗಿದರೆ ತಪ್ಪುತ್ತದೆ. ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರ) ಬಹಳಷ್ಟು 2:1 ಇರುತ್ತದೆ, ಹಾಗಾಗಿ ಪೇಂಟಿನ ಹಾರ್ಡ್ನರ್ ಉಳಿದಿದೆ ಅಂತ ಅದಕ್ಕೆ ಸುರಿಯಬೇಡಿ. ಅಗ್ಗ ಅಂತ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಥಿನ್ನರ್ ಹಾಕುವವರಿದ್ದಾರೆ. ಅದರಲ್ಲಿರುವ ಆಲ್ಕೋಹಾಲ್ ಹಾರ್ಡ್ನರನ್ನೇ ತಿಂದುಬಿಡುತ್ತದೆ, ಅಳತೆ ಸರಿಯಿದ್ದೂ ಬಣ್ಣ ಮೆತ್ತಗೇ ಉಳಿಯುತ್ತದೆ.

ನೀರಿನ ಪಸೆಯೂ ಹಾಗೇ. ಐಸೊಸಯನೇಟ್ ನೀರಿನೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಪದರದೊಳಗೆ ಸಣ್ಣ ಗುಳ್ಳೆ ಏಳುತ್ತದೆ. ನಂದಿ ಬೆಟ್ಟದ ಸುತ್ತ ಡಿಸೆಂಬರ್‌ನಲ್ಲಿ ಬೆಳಗ್ಗೆ ಕಬ್ಬಿಣ ಮುಟ್ಟಿದರೆ ಕೈ ಒದ್ದೆಯಾಗುತ್ತದಲ್ಲ, ಆಗ ಸ್ಪ್ರೇ ಗನ್ ಹಿಡಿಯಬೇಡಿ. ಹತ್ತು ಗಂಟೆಯ ಮೇಲೆ ಶುರು ಮಾಡಿ, ಕಂಪ್ರೆಸರ್ ಟ್ಯಾಂಕಿನ ನೀರು ಮೊದಲೇ ಬಿಡಿ. ತೆರೆದಿಟ್ಟ ಹಾರ್ಡ್ನರ್ ಹಾಲಿನಂತೆ ಮಬ್ಬಾಗಿದ್ದರೆ ಎಷ್ಟೇ ಉಳಿದಿರಲಿ, ಬಳಸಬೇಡಿ.

ಇನ್ನು ಕ್ಲಿಯರ್. ಟ್ರ್ಯಾಕ್ಟರಿನ ಕೆಂಪು, ನೀಲಿಯಂಥ ಸಾದಾ ಪಿಯು ಬಣ್ಣಕ್ಕೆ ಅದು ಬೇಕೇ ಇಲ್ಲ, ಹೊಳಪು ಅದರಲ್ಲೇ ಇದೆ. ಆ ದುಡ್ಡು ಬಣ್ಣದ ಕೆಳಗೆ ಹೊಡೆಯುವ ಎಪಾಕ್ಸಿ ಪ್ರೈಮರ್‌ಗೆ ಹಾಕಿದರೆ ತುಕ್ಕಾದರೂ ತಡೆಯುತ್ತದೆ. ಮೆಟಾಲಿಕ್ ಬೇಸ್‌ಕೋಟ್‌ಗೆ (ಲೋಹದಂತೆ ಮಿನುಗುವ ಅಡಿಬಣ್ಣಕ್ಕೆ) ಮಾತ್ರ ಕ್ಲಿಯರ್ ಬಿಟ್ಟರೆ ಗತಿಯಿಲ್ಲ. ಬೇಸ್ ಹೊಡೆದು ಹದಿನೈದಿಪ್ಪತ್ತು ನಿಮಿಷ, ಪೂರ್ತಿ ಮಂಕಾಗುವವರೆಗೆ ಕಾಯಿರಿ. ಆಮೇಲೆ 1.3 ಅಥವಾ 1.4 ಮಿ.ಮೀ. ನಾಜಲ್‌ನಲ್ಲಿ ಎರಡು ಕೋಟ್, ನಡುವೆ ಹತ್ತು ನಿಮಿಷ. ಅವಸರಪಟ್ಟರೆ ಒಳಗೆ ಸಿಕ್ಕಿಬಿದ್ದ ಥಿನ್ನರ್ ಆಮೇಲೆ ಮೇಲೆದ್ದು ಸೂಜಿಮೊನೆಯಂಥ ತೂತು ಬಿಡುತ್ತದೆ.

ಹಳೇ ಎನಾಮಲ್ ಮೇಲೆ ಹೊಡೆಯುವ ಮುನ್ನ ಪಿಯು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ಮೂಲೆಯಲ್ಲಿ ಎರಡು ನಿಮಿಷ ಒತ್ತಿಡಿ. ಸುಕ್ಕೆದ್ದರೆ ಅಥವಾ ಬಣ್ಣ ಬಟ್ಟೆಗೆ ಹತ್ತಿದರೆ ಕಬ್ಬಿಣ ಕಾಣುವವರೆಗೆ ಕೆರೆಯಲೇಬೇಕು. ಸೈಲೆನ್ಸರ್‌ಗೆ ಪಿಯು ಬೇಡ, ಶಾಖ ತಡೆಯುವ ಅಲ್ಯೂಮಿನಿಯಂ ಪೇಂಟ್ ಹಾಕಿ.

ಮೂಗಿಗೆ ಟವೆಲ್ ಕಟ್ಟಿಕೊಂಡು ಹೊಡೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಐಸೊಸಯನೇಟ್ ಒಮ್ಮೆ ಮೈಗೆ ಒಗ್ಗದೆ ಹೋದರೆ ಆಸ್ತಮಾ ಅಂಟಿಕೊಳ್ಳುತ್ತದೆ, ಆಮೇಲೆ ಗನ್ನಿನಿಂದ ಹಾರುವ ಸ್ವಲ್ಪ ಬಣ್ಣದ ಮಂಜಿಗೂ ಉಸಿರು ಕಟ್ಟುತ್ತದೆ. ವಾಸನೆ ಬರಲಿಲ್ಲ ಅಂದಮಾತ್ರಕ್ಕೆ ಗಾಳಿಯಲ್ಲಿ ಇಲ್ಲವೆಂದಲ್ಲ. ಹೊರಗಿನ ಶುದ್ಧ ಗಾಳಿ ತರುವ ಮುಖವಾಡವೇ ಒಳ್ಳೆಯದು. ಕನಿಷ್ಠ ಹೊಸ ಕಾರ್ಟ್ರಿಜ್ (ಗಾಳಿ ಸೋಸುವ ಡಬ್ಬಿ) ಹಾಕಿದ ರೆಸ್ಪಿರೇಟರ್, ಕೈಗವಸು, ಕನ್ನಡಕ ಇರಲಿ.

ಕಲಸಿದ ಪೇಂಟನ್ನು ನಾಳೆಗಿಡಲಾಗದು. ಡಬ್ಬಿಯಲ್ಲಿ ಬರೆದ ಗಂಟೆಗಳು 25 ಡಿಗ್ರಿಯ ಲೆಕ್ಕ, ಏಪ್ರಿಲ್ ಬಿಸಿಲಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಊಟಕ್ಕೆ ಏಳುವ ಮುಂಚೆ ಗನ್ ತೊಳೆಯಿರಿ. ರಾತ್ರಿ ಕಳೆದು ಮುಟ್ಟಿದರೆ ಬಣ್ಣ ಅಂಟದಿದ್ದರೂ ಒಳಗೆ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ವಾಟರ್ ಸರ್ವೀಸ್‌ಗೆ ಬಿಡಬೇಡಿ.